ಸಂತೆಯಿಂದ 5 ಹೇಟೆ ಕೋಳಿ ತಂದೆ, ಬುಟ್ಟಿಯಲ್ಲಿ 3 ಥರದ ಮೊಟ್ಟೆ: ಯಾವುದು ನಾಟಿ, ಯಾವುದು ಅಲ್ಲ?

ಹಿತ್ತಿಲ ಮನೆ (ತಿಪಟೂರು ಕಡೆ)

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಸಂತೆಯಿಂದ 5 ಹೇಟೆ ತಂದೆ. "ನಾಲ್ಕು ಪಕ್ಕಾ ನಾಟಿ, ಕರಿಯದು ಕಡಕನಾಥ್" ಎಂದು ಹೇಳಿ ಕೊಟ್ಟರು. ನಾಟಿಗೆ ತಲಾ 450, ಕರಿಯದಕ್ಕೆ 900 ರೂಪಾಯಿ ಕೊಟ್ಟಿದ್ದೇನೆ.

ಈಗ ಮೊಟ್ಟೆ ಶುರುವಾಗಿದೆ. ಬುಟ್ಟಿ ನೋಡಿದರೆ ಅನುಮಾನ ಬರುತ್ತಿದೆ. ಒಂದು ಥರದ್ದು ಸುಣ್ಣ ಬಳಿದ ಹಾಗೆ ಬಿಳಿ, ದೊಡ್ಡದು. ಇನ್ನೊಂದು ಗಾಢ ಕಂದು, ಅದೂ ದೊಡ್ಡದು, ಮೇಲೆ ಸಣ್ಣ ಚುಕ್ಕೆ. ಮೂರನೆಯದು ಚಿಕ್ಕದು, ಕೆನೆ ಬಣ್ಣ.

ಕೋಳಿಗಳು ಹೀಗಿವೆ. ಬಿಳಿ: ಮೈಯೆಲ್ಲ ಬಿಳಿ, ಜುಟ್ಟು ದೊಡ್ಡದಾಗಿ ಒಂದು ಕಣ್ಣಿನ ಮೇಲೆ ವಾಲಿದೆ. ಕೆಂಪಿ: ಇಟ್ಟಿಗೆ ಬಣ್ಣ, ಕತ್ತಿನ ಹತ್ತಿರ ಪುಕ್ಕ ಉದುರಿ ಚರ್ಮ ಕಾಣುತ್ತದೆ. ಕರಿ: ಪೂರ್ತಿ ಕಪ್ಪು, ಬಿಸಿಲಿಗೆ ಹಸಿರು ಹೊಳೆಯುತ್ತದೆ. ದಪ್ಪಿ: ಬಣ್ಣ ಬಣ್ಣದ ಪುಕ್ಕ, ತೂಕ ಜಾಸ್ತಿ, ಕಾಲು ದಪ್ಪ. ಕೊನೆಯದು ಸಣ್ಣಿ: ಕಾಡುಕೋಳಿ ಬಣ್ಣ, ಸಂಜೆಯಾದರೆ ಹಲಸಿನ ಮರ ಹತ್ತಿ ಕೂರುತ್ತದೆ.

ನಮ್ಮತ್ತೆ "ಬಿಳಿ ಕೋಳಿಗೆ ಬಿಳಿ ಮೊಟ್ಟೆ, ಕರಿ ಕೋಳಿಗೆ ಕಂದು ಮೊಟ್ಟೆ, ಅಷ್ಟೇ" ಎನ್ನುತ್ತಾರೆ. ಹೌದಾ? ಮೊಟ್ಟೆ ನೋಡಿ ತಳಿ ಹೇಳಬಹುದಾ?

ಬಯಲುಸೀಮೆ ರೈತ

ಅಕ್ಕ, ಐದರಲ್ಲಿ ನಾಟಿ ಒಂದೇ, ಮರ ಹತ್ತುವ ಸಣ್ಣಿ. ದಪ್ಪಿ ಗಿರಿರಾಜ, ಮಿಶ್ರ ತಳಿ. ಉಳಿದದ್ದು ದೇವರೇ ಬಲ್ಲ.

ಬೆಂಗಳೂರು ಮಹಡಿ

ಕಂದು ಮೊಟ್ಟೆ ಇಡುವುದೆಲ್ಲ ನಾಟಿ ಅಲ್ವಾ? ನಾವು ಇಲ್ಲಿ ಕಂದು ಮೊಟ್ಟೆಯನ್ನೇ ನಾಟಿ ಎಂದು ಒಂದಕ್ಕೆ 15 ರೂಪಾಯಿ ಕೊಟ್ಟು ತರುತ್ತೇವೆ.

ಫಾರಂ ಅಣ್ಣ (ಹೊಸಪೇಟೆ)

ಅಲ್ಲ ಸರ್. 22 ವರ್ಷದಿಂದ ಮೊಟ್ಟೆ ಫಾರಂನಲ್ಲಿ ಕೆಲಸ ಮಾಡುತ್ತಿದ್ದೇನೆ. ಬಿಳಿ ಮೊಟ್ಟೆಗೆ ಬಿವಿ 300 ಎಂಬ ಫಾರಂ ತಳಿ, ಕಂದು ಮೊಟ್ಟೆಗೆ ಬಿವಿ 380. ಎರಡೂ ಪಂಜರದ ಕೋಳಿಗಳೇ. ಕಂದು ಸಿಪ್ಪೆ ಕಂಡ ಕೂಡಲೇ ನಾಟಿ ಎಂದುಕೊಂಡರೆ ದುಡ್ಡು ಹೋದ ಹಾಗೆ. ನಿಜವಾದ ನಾಟಿ ಮೊಟ್ಟೆ ಕೆನೆ ಬಣ್ಣ, ತಿಳಿ ಕಂದು. ತೂಕ 35ರಿಂದ 45 ಗ್ರಾಂ. ನಿಮ್ಮ 15 ರೂಪಾಯಿ ಮೊಟ್ಟೆ ತೂಗಿ ನೋಡಿ.

ಹಿತ್ತಿಲ ಮನೆ ಅಕ್ಕನಿಗೆ ಒಂದು ಮಾತು. ಬಿಳಿ ಮತ್ತು ಕೆಂಪಿಯ ಕೊಕ್ಕು ನೋಡಿ. ಮೇಲಿನ ತುದಿ ಚೂಪಾಗಿ ಬಾಗಿದೆಯಾ, ಕತ್ತರಿಸಿದ ಹಾಗೆ ಮೊಂಡಾಗಿದೆಯಾ?

ಹಿತ್ತಿಲ ಮನೆ

ಅಣ್ಣ, ಈಗಷ್ಟೇ ಹಿಡಿದು ನೋಡಿದೆ. ಎರಡಕ್ಕೂ ಮೇಲಿನ ಕೊಕ್ಕು ಗಿಡ್ಡ, ಕೆಳಗಿನದು ಮುಂದೆ ಬಂದಿದೆ. ಸಣ್ಣಿ, ಕರಿ, ದಪ್ಪಿಗೆ ಸರಿಯಾಗಿದೆ. ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಅದಕ್ಕೇ ಅವೆರಡೂ ಕಾಳು ಹೆಕ್ಕಲು ಕಷ್ಟಪಡುತ್ತಿದ್ದವು!

ಫಾರಂ ಅಣ್ಣ (ಹೊಸಪೇಟೆ)

ಹಾಗಾದರೆ ಅನುಮಾನವೇ ಬೇಡ. ಎರಡೂ ಫಾರಂನಿಂದ ಬಂದವು. ಒತ್ತೊತ್ತಾಗಿ ಇರುವ ಕಡೆ ಒಂದನ್ನೊಂದು ಕುಕ್ಕಿ ಸಾಯಿಸಬಾರದು ಎಂದು ಮರಿಯಿದ್ದಾಗಲೇ ಕೊಕ್ಕು ಸುಟ್ಟು ಕತ್ತರಿಸುತ್ತಾರೆ. 72ರಿಂದ 80 ವಾರ ವಯಸ್ಸಾಗುವ ತನಕ ಮೊಟ್ಟೆ ತೆಗೆದ ಮೇಲೆ ಇಳುವರಿ ಕಡಿಮೆ ಎಂದು ಇಡೀ ಲಾಟ್ ಮಾರುತ್ತಾರೆ. ಅವುಗಳಲ್ಲಿ ಒಂದಷ್ಟು ಸಂತೆಗೂ ಹೋಗುತ್ತವೆ. ಕೆಂಪಿಯ ಕತ್ತಿನ ಪುಕ್ಕ ರೋಗದಿಂದ ಹೋಗಿಲ್ಲ, ಪಂಜರದ ಕಂಬಿಯ ನಡುವೆ ಕತ್ತು ಚಾಚಿ ತಿಂದು ತಿಂದು ಸವೆದಿದೆ. ಬಿಟ್ಟು ಸಾಕಿದರೆ ಮತ್ತೆ ಬರುತ್ತದೆ.

ಬಿಳಿಯದರ ಜುಟ್ಟು ಕಣ್ಣಿನ ಮೇಲೆ ವಾಲುವುದು ಲೆಗ್‌ಹಾರ್ನ್ ತಳಿಯ ಹೇಟೆಯ ಗುರುತು. ಬಿಳಿ ಮೊಟ್ಟೆ ಅದರದ್ದೇ. ಗಾಢ ಕಂದು ಕೆಂಪಿಯದು. ಅವುಗಳಿಗೆ ತಟ್ಟೆಯಲ್ಲಿ ಕಾಳು ಆಳವಾಗಿ ಹಾಕಿ. ನೆಲದ ಮೇಲೆ ಚೆಲ್ಲಿದರೆ ಮೊಂಡು ಕೊಕ್ಕಿಗೆ ಸಿಗುವುದಿಲ್ಲ.

ಬಯಲುಸೀಮೆ ರೈತ

ಮಾರಿದವನನ್ನು ಮುಂದಿನ ಸಂತೆಯಲ್ಲಿ ಹಿಡಿದು ಕೇಳಿ ಅಕ್ಕ. ಸುಮ್ನೆ ಬಿಡಬೇಡಿ.

ಪಶುವೈದ್ಯೆ

ನಿಮ್ಮತ್ತೆಯ ಮಾತಿನ ಬಗ್ಗೆ ಹೇಳುತ್ತೇನೆ. ಪುಕ್ಕದ ಬಣ್ಣಕ್ಕೂ ಸಿಪ್ಪೆಯ ಬಣ್ಣಕ್ಕೂ ನೇರ ಸಂಬಂಧ ಇಲ್ಲ. ಲೆಗ್‌ಹಾರ್ನ್‌ನಲ್ಲಿ ಕಂದು ಪುಕ್ಕದವೂ ಇವೆ, ಅವೂ ಬಿಳಿ ಮೊಟ್ಟೆಯನ್ನೇ ಇಡುತ್ತವೆ. ಕಿವಿಹಾಲೆ ನೋಡುವುದು ಪುಕ್ಕ ನೋಡುವುದಕ್ಕಿಂತ ವಾಸಿ. ಕಣ್ಣಿನ ಹಿಂದೆ, ಸ್ವಲ್ಪ ಕೆಳಗೆ ಒಂದು ಸಣ್ಣ ಚರ್ಮದ ಬಿಲ್ಲೆ ಇರುತ್ತದಲ್ಲ, ಅದು. ಬಿಳಿ ಹಾಲೆಯವು ಹೆಚ್ಚಾಗಿ ಬಿಳಿ ಮೊಟ್ಟೆ, ಕೆಂಪು ಹಾಲೆಯವು ಹೆಚ್ಚಾಗಿ ಕಂದು ಮೊಟ್ಟೆ. ಇದಕ್ಕೂ ತಪ್ಪುವ ತಳಿಗಳಿವೆ. ನಮ್ಮ ನಾಟಿಗಳಲ್ಲಂತೂ ಒಂದೇ ಹಾಲೆಯಲ್ಲಿ ಕೆಂಪು, ಬಿಳಿ ಎರಡೂ ಕಲೆತಿರುವುದು ಮಾಮೂಲು.

ಸಿಪ್ಪೆ ಕಟ್ಟಲು ಸುಮಾರು 20 ಗಂಟೆ ಬೇಕು. ಕಂದು ಬಣ್ಣ ಬಳಿಯುವುದು ಕೊನೆಯ ಕೆಲವು ಗಂಟೆಗಳಲ್ಲಿ. ಆದ್ದರಿಂದಲೇ ಕಂದು ಮೊಟ್ಟೆ ಒಡೆದರೆ ಒಳಮೈ ಬಿಳಿಯಾಗಿರುತ್ತದೆ. ಕೋಳಿ ಹೆದರಿದರೆ, ವಯಸ್ಸಾದರೆ, ಕಾಯಿಲೆ ಬಿದ್ದರೆ ಅದೇ ಕೋಳಿಯ ಮೊಟ್ಟೆ ಪೇಲವವಾಗುತ್ತದೆ. ಮೊಟ್ಟೆಯೊಂದನ್ನೇ ನೋಡಿ ತಳಿ ಹೇಳಲು ಆಗುವುದಿಲ್ಲ. ಕೊಕ್ಕು, ಜುಟ್ಟು, ಕಾಲು, ನಡತೆ, ಮೊಟ್ಟೆ ಎಲ್ಲ ಸೇರಿಸಿ ನೋಡಬೇಕು.

ಟೆಕ್ಸಾಸ್ ಕನ್ನಡತಿ

ನನ್ನ ಹತ್ತಿರ 4 ಕೋಳಿ ಇವೆ. ಒಂದು ನೀಲಿ ಮೊಟ್ಟೆ ಇಡುತ್ತದೆ. ಊರಿಗೆ ಫೋಟೋ ಕಳಿಸಿದರೆ ಅಮ್ಮ ನಂಬಲಿಲ್ಲ, ಬಣ್ಣ ಹಚ್ಚಿದ್ದೀಯ ಎಂದರು.

ಬಯಲುಸೀಮೆ ರೈತ

ನಾನೂ ನಂಬುವುದಿಲ್ಲ ಅಕ್ಕ.

ಟೆಕ್ಸಾಸ್ ಕನ್ನಡತಿ

ಒಡೆದು ಒಳಗೆ ನೋಡಿದರೂ ನೀಲಿಯೇ ಅಣ್ಣ! ಕಂದು ಮೇಲಿನ ಪದರದಲ್ಲಿ ಮಾತ್ರ, ನೀಲಿ ಸಿಪ್ಪೆಯ ಉದ್ದಕ್ಕೂ ಇಳಿದಿರುತ್ತದೆ. ಚಿಲಿ ದೇಶದ ಅರೌಕಾನ ತಳಿಯ ಗುಣ ಅದು. ಬಹಳ ಹಿಂದೆ ಒಂದು ವೈರಸ್ಸಿನ ತುಣುಕು ಕೋಳಿಯ ವಂಶವಾಹಿಯಲ್ಲಿ ಸೇರಿಕೊಂಡು ಈ ಬಣ್ಣ ಬಂತು ಎಂದು 2013ರಲ್ಲಿ ಪತ್ತೆಯಾಯಿತು. ತಿನ್ನಲು ರುಚಿ ಎಲ್ಲ ಒಂದೇ.

ಇನ್ನೊಂದು ವಿಷಯ. ಸಂತೆಯ ಕಥೆ ಇಲ್ಲೂ ಇದೆ. ನೀಲಿ ಮೊಟ್ಟೆಯ ಅಮೆರಾಕಾನ ತಳಿ ಎಂದು ಹೇಳಿ ಮಾರುವ ಮರಿಗಳಲ್ಲಿ ಹೆಚ್ಚಿನವು ಈಸ್ಟರ್ ಎಗ್ಗರ್ ಎಂಬ ಮಿಶ್ರ ಕೋಳಿಗಳು. ನನಗೂ ಹಾಗೇ ಆಯಿತು. ಬೆಳೆದ ಮೇಲೆ ಗೊತ್ತಾಯಿತು, ಅಷ್ಟರಲ್ಲಿ ಮನೆಯವರಾಗಿದ್ದವು.

ಬೆಂಗಳೂರು ಮಹಡಿ

ಫಾರಂ ಅಣ್ಣ ಹೇಳಿದ ಹಾಗೆ ತೂಗಿದೆ. ಆರೂ ಮೊಟ್ಟೆ 56ರಿಂದ 59 ಗ್ರಾಂ. ಬೇಸರವಾಯಿತು. ನಮ್ಮ ಪಕ್ಕದವರು ಬಿಳಿ ಮೊಟ್ಟೆಗೆ ಟೀ ಡಿಕಾಕ್ಷನ್ ಹಾಕಿ ಬಣ್ಣ ಬರಿಸುತ್ತಾರೆ, ನಿಂಬೆರಸ ಹಚ್ಚಿ ಉಜ್ಜಿದರೆ ಬಣ್ಣ ಹೋಗುತ್ತದೆ, ಹೋದರೆ ನಕಲಿ ಎಂದರು. ಉಜ್ಜಿದೆ. ಹೋಯಿತು! ಅಂದರೆ ಬಣ್ಣ ಹಾಕಿದ್ದೇ ಅಲ್ವಾ?

ಪಶುವೈದ್ಯೆ

ಆ ಪರೀಕ್ಷೆ ನಂಬಬೇಡಿ. ನಿಂಬೆರಸ, ವಿನೆಗರ್ ಎರಡೂ ಸಿಪ್ಪೆಯ ಸುಣ್ಣವನ್ನೇ ಕರಗಿಸುತ್ತವೆ. ನಿಜವಾದ ಕಂದು ಬಣ್ಣ ಮೇಲ್ಪದರದಲ್ಲೇ ಇರುವುದರಿಂದ ಅದೂ ಕಿತ್ತು ಬರುತ್ತದೆ. ಎಷ್ಟೋ ಒಳ್ಳೆಯ ಮೊಟ್ಟೆಗಳನ್ನು ಜನ ಹೀಗೆ ನಕಲಿ ಎಂದು ಎಸೆದಿದ್ದಾರೆ. ಬಣ್ಣ ಹಾಕಿ ಮಾರುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ನೋಡಬೇಕಾದದ್ದು ಬೇರೆ. ಮನೆಯ ನಾಟಿ ಮೊಟ್ಟೆ ಹತ್ತು ತಂದರೆ ಒಂದು ಉದ್ದ, ಒಂದು ದುಂಡು, ಒಂದು ಪೇಲವ, ಒಂದು ಗಾಢ ಇರುತ್ತದೆ. ಎಲ್ಲ ಒಂದೇ ಗಾತ್ರ, ಒಂದೇ ಬಣ್ಣ ಇದ್ದರೆ ಕೇಳಿ ತಿಳಿದುಕೊಳ್ಳಿ. ನಿಮ್ಮದು ಬಿವಿ 380ರ ಮೊಟ್ಟೆ ಇರಬಹುದು. ಪೌಷ್ಟಿಕತೆಯಲ್ಲಿ ಕೊರತೆ ಇಲ್ಲ, ಧೈರ್ಯವಾಗಿ ತಿನ್ನಿ. ಬೆಲೆ ಮಾತ್ರ ಜಾಸ್ತಿ ಕೊಟ್ಟಿದ್ದೀರಿ.

ತೀರ್ಥಹಳ್ಳಿ ಹುಡುಗ

ಭಂಡಾರದ (ಮೊಟ್ಟೆಯೊಳಗಿನ ಹಳದಿ ಭಾಗದ) ಬಣ್ಣ ನೋಡಿದರೆ ಸಾಕಲ್ವಾ? ನಾಟಿಯದು ಕಿತ್ತಳೆ, ಫಾರಂನದು ತೆಳು ಹಳದಿ.

ಫಾರಂ ಅಣ್ಣ (ಹೊಸಪೇಟೆ)

ಅದು ತಳಿಯದ್ದಲ್ಲ ತಮ್ಮಾ, ಮೇವಿನದು. ಸೊಪ್ಪು, ಹುಲ್ಲು, ಹುಳ ತಿಂದರೆ ಕಿತ್ತಳೆ. ಜೋಳದ ನುಚ್ಚು, ಅಕ್ಕಿ ಮಾತ್ರ ಹಾಕಿದರೆ ನಾಟಿಯದೂ ಪೇಲವ. ಗುಂಡ್ಲುಪೇಟೆ ಕಡೆ ರಸ್ತೆಬದಿ ಎಕರೆಗಟ್ಟಲೆ ಚೆಂಡುಹೂ ನೋಡಿದ್ದೀಯಲ್ಲ, ಅದರಲ್ಲಿ ಬಹಳಷ್ಟು ಪೂಜೆಗೆ ಹೋಗುವುದಿಲ್ಲ. ಬಣ್ಣ ತೆಗೆಯಲು ಕಾರ್ಖಾನೆಗೆ ಹೋಗುತ್ತದೆ. ಆ ಬಣ್ಣ ಕೋಳಿ ಮೇವಿಗೂ ಸೇರುತ್ತದೆ, ಭಂಡಾರ ಕಿತ್ತಳೆ ಆಗಲಿ ಎಂದು.

ತೀರ್ಥಹಳ್ಳಿ ಹುಡುಗ

ಇದು ಗೊತ್ತೇ ಇರಲಿಲ್ಲ. ಚೆಂಡುಹೂ!

ಹಿತ್ತಿಲ ಮನೆ

ಕರಿ ಬಗ್ಗೆ ಯಾರೂ ಹೇಳಲಿಲ್ಲ. 900 ಕೊಟ್ಟಿದ್ದೇನೆ. ಕಡಕನಾಥ್ ಮೊಟ್ಟೆ ಕಪ್ಪಗೆ ಇರುತ್ತದೆ ಎಂದು ವಾಟ್ಸಾಪ್‌ನಲ್ಲಿ ಬಂದಿತ್ತು. ನಮ್ಮ ಬುಟ್ಟಿಯಲ್ಲಿ ಕಪ್ಪು ಮೊಟ್ಟೆ ಒಂದೂ ಇಲ್ಲ.

ಪಶುವೈದ್ಯೆ

ಕಪ್ಪು ಮೊಟ್ಟೆ ಇಡುವ ಕೋಳಿ ಪ್ರಪಂಚದಲ್ಲೇ ಇಲ್ಲ. ಕಡಕನಾಥ್‌ದು ಕೆನೆ ಅಥವಾ ತಿಳಿ ಕಂದು. ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ ಅದು, 2018ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಅದರ ಕಪ್ಪು ಪುಕ್ಕದಲ್ಲಿ ಮಾತ್ರ ಇರುವುದಲ್ಲ. ಚರ್ಮ, ಮಾಂಸ, ಮೂಳೆಯ ತನಕ ಇಳಿದಿರುತ್ತದೆ. ಬಾಯಿ ತೆರೆದು ನಾಲಿಗೆ ನೋಡಿ. ಜುಟ್ಟು, ಮುಖ, ಕಾಲು, ಉಗುರು ನೋಡಿ. ರೆಕ್ಕೆಯ ಕೆಳಗೆ ಪುಕ್ಕ ಸರಿಸಿ ಚರ್ಮ ನೋಡಿ.

ಹಿತ್ತಿಲ ಮನೆ

ನೋಡಿದೆ ಮೇಡಂ. ನಮ್ಮ ಮಗ ರೆಕ್ಕೆ ಹಿಡಿದುಕೊಂಡ, ನಾನು ಕೊಕ್ಕು ಬಿಡಿಸಿದೆ. ನಾಲಿಗೆ ನಸುಗೆಂಪು. ಜುಟ್ಟು ಕೆಂಪು. ರೆಕ್ಕೆ ಕೆಳಗೆ ಚರ್ಮ ಬೆಳ್ಳಗಿದೆ. ಕಾಲು ಮಾತ್ರ ಬೂದು ಕಪ್ಪು.

ಪಶುವೈದ್ಯೆ

ಹಾಗಾದರೆ ಕಡಕನಾಥ್ ಅಲ್ಲ. ಕಪ್ಪು ಪುಕ್ಕದ ನಾಟಿ. ಕೋಳಿ ಚೆನ್ನಾಗಿದೆ, ಹೆಸರು ಮಾತ್ರ ಸುಳ್ಳು.

ಬೆಂಗಳೂರು ಮಹಡಿ

ತಲಶ್ಶೇರಿ ಕೋಳಿ ಇರಬಹುದಾ? ಅದೂ ಕಪ್ಪು, ನೀಲಿ ಹೊಳಪು ಎಂದು ಕೇರಳದ ಸ್ನೇಹಿತರು ಹೇಳುತ್ತಿದ್ದರು.

ಪಶುವೈದ್ಯೆ

ತಿಪಟೂರು ಸಂತೆಗೆ ತಲಶ್ಶೇರಿಯಿಂದ ಬರುವುದು ಕಷ್ಟ. ಕಪ್ಪು ಪುಕ್ಕ ನಮ್ಮ ಎಲ್ಲ ಊರಿನ ನಾಟಿಯಲ್ಲೂ ಬರುತ್ತದೆ. ಎಲ್ಲಿಂದ ಬಂತು, ತಂದೆ ತಾಯಿ ಯಾವುದು ಎಂದು ತಿಳಿಯದೆ ತಳಿಯ ಹೆಸರು ಇಡಬಾರದು.

ಕರಾವಳಿಯವ

ಬಣ್ಣದ ಮಾತು ಬಂತಲ್ಲ, ನಮ್ಮ ತುಳುನಾಡಿನಲ್ಲಿ ಹುಂಜಕ್ಕೆ ಪುಕ್ಕದ ಬಣ್ಣ ನೋಡಿಯೇ ಹೆಸರು. ಬಿಳಿಯದು ಬೊಳ್ಳೆ. ಆಮೇಲೆ ಕಕ್ಕೆ, ಕೆಮ್ಮೈರ ಹೀಗೆ ಎಷ್ಟೋ. ಕೋರಿದ ಕಟ್ಟಕ್ಕೆ (ಕೋಳಿ ಅಂಕಕ್ಕೆ) ಯಾವ ದಿನ ಯಾವ ಬಣ್ಣದ್ದು ಗೆಲ್ಲುತ್ತದೆ ಎಂದು ಕುಕ್ಕುಟ ಪಂಚಾಂಗ ಬೇರೆ. ನಮ್ಮಜ್ಜ ದೂರದಿಂದ ಒಂದು ಸಲ ನೋಡಿ ಹೇಳಿಬಿಡುತ್ತಿದ್ದರು.

ಕೋಲಾರದ ಮಣ್ಣು

ಅವು ಬಣ್ಣದ ಹೆಸರು, ತಳಿಯ ಹೆಸರಲ್ಲ. ಒಂದೇ ತಾಯಿಯ ಕಾವಿನಲ್ಲಿ ಬೊಳ್ಳೆಯೂ ಹುಟ್ಟಬಹುದು, ಕಕ್ಕೆಯೂ ಹುಟ್ಟಬಹುದು.

ಕರಾವಳಿಯವ

ಒಪ್ಪುತ್ತೇನೆ. ಆದರೂ ನಮಗೆ ಅದೇ ಗುರುತು. ಅಜ್ಜ ಹೋದ ಮೇಲೆ ಅಷ್ಟು ಹೆಸರು ಹೇಳುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ಬರೆದಿಟ್ಟುಕೊಳ್ಳಬೇಕಿತ್ತು.

ಕೋಲಾರದ ಮಣ್ಣು

ನಾಟಿ ಎನ್ನುವುದು ಒಂದೇ ತಳಿಯಲ್ಲ, ಇದನ್ನು ಎಲ್ಲರೂ ತಿಳಿಯಬೇಕು. ನಮ್ಮ ಕಡೆ ಘಾಗಸ್ ಕೋಳಿ ಇದೆ. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ತಳಿ ಬ್ಯೂರೋದ ಪಟ್ಟಿಯಲ್ಲಿ ಆಂಧ್ರ ಮತ್ತು ಕರ್ನಾಟಕದ ತಳಿ ಎಂದೇ ದಾಖಲಾಗಿದೆ. ಎತ್ತರದ ಕಾಲು, ಹೆಚ್ಚಾಗಿ ಕಂದು ಪುಕ್ಕ. ಕಾವಿಗೆ ಚೆನ್ನಾಗಿ ಕೂರುತ್ತದೆ, ಮರಿ ಕಾಯುವುದರಲ್ಲಿ ಗಟ್ಟಿ. ಅಸೀಲ್ ಬೇರೆ: ಕತ್ತು ಉದ್ದ, ನೆಟ್ಟಗೆ ನಿಲ್ಲುತ್ತದೆ, ಜುಟ್ಟು ಸಣ್ಣದಾಗಿ ತಲೆಗೆ ಅಂಟಿದ ಹಾಗೆ ಇರುತ್ತದೆ, ಮೊಟ್ಟೆ ತೀರಾ ಕಡಿಮೆ. ಬೋಳು ಕತ್ತಿನ ಕೋಳಿ ಇನ್ನೊಂದು. ಎಲ್ಲವನ್ನೂ "ನಾಟಿ" ಎಂದು ಒಂದೇ ಬುಟ್ಟಿಗೆ ಹಾಕಿ ಗಿರಿರಾಜದ ಜೊತೆ ಬೆರೆಸಿದ್ದೇವೆ. ಹತ್ತು ವರ್ಷದ ಹಿಂದೆ ನಮ್ಮೂರಿನಲ್ಲಿ ಮನೆಗೊಂದು ಘಾಗಸ್ ಹೇಟೆ ಇತ್ತು. ಈಗ ಹುಡುಕಿದರೆ ಮೂರು ಮನೆಯಲ್ಲಿ ಸಿಗುತ್ತದೆ. ನನಗೆ ಇದು ನಿಜವಾಗಿಯೂ ಸಂಕಟ.

ಬಯಲುಸೀಮೆ ರೈತ

ಗಿರಿರಾಜವನ್ನು ಬೈಯಬೇಡಿ ಅಣ್ಣ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ನಮ್ಮಂಥವರಿಗೆ ಎಂದೇ ಮಾಡಿದ ಕೋಳಿ ಅದು. ನಾಟಿ ವರ್ಷಕ್ಕೆ 50, 60 ಮೊಟ್ಟೆ ಕೊಟ್ಟರೆ ಹೆಚ್ಚು. ಗಿರಿರಾಜ ಅದರ ಎರಡರಷ್ಟಕ್ಕೂ ಜಾಸ್ತಿ ಕೊಡುತ್ತದೆ. 2005ರಲ್ಲಿ ಸ್ವರ್ಣಧಾರ ಬಂತು, ಅದು ಇನ್ನೂ ಮುಂದೆ. ನಮ್ಮ ಮನೆಯಲ್ಲಿ ಮಗಳ ಕಾಲೇಜು ಫೀಸಿಗೆ ಅರ್ಧ ಅದರಿಂದಲೇ ಬಂದಿದೆ.

ಕೋಲಾರದ ಮಣ್ಣು

ಕೋಳಿಯನ್ನು ಬೈಯುತ್ತಿಲ್ಲ. ಗಿರಿರಾಜವನ್ನು ಗಿರಿರಾಜ ಎಂದೇ ಮಾರಲಿ ಎನ್ನುತ್ತೇನೆ. ಅದು ಮಿಶ್ರ ತಳಿ. ಮನೆಯಲ್ಲೇ ಅದರ ಮೊಟ್ಟೆಯಿಂದ ಮರಿ ಮಾಡಿದರೆ ಆ ತೂಕ, ಆ ಮೊಟ್ಟೆ ಉಳಿಯುವುದಿಲ್ಲ. ನಾಟಿ ಎಂದು ಕೊಂಡವರಿಗೆ ಇದು ತಿಳಿಯುವುದಿಲ್ಲ. ಕಾವಿಗೂ ಸರಿಯಾಗಿ ಕೂರುವುದಿಲ್ಲ.

ಬಯಲುಸೀಮೆ ರೈತ

ಅದು ಸರಿ. ಮರಿ ಬೇಕಾದಾಗ ನಾನೂ ಹೊಸದಾಗಿ ಕೊಳ್ಳುತ್ತೇನೆ.

ಪಶುವೈದ್ಯೆ

ಹಿತ್ತಿಲ ಮನೆಯವರೇ, ಯಾವುದು ಯಾರ ಮೊಟ್ಟೆ ಎಂದು ಖಚಿತ ಮಾಡಿಕೊಳ್ಳಲು ಸುಲಭದ ದಾರಿ ಇದೆ. ಅಡುಗೆಗೆ ಹಾಕುವ ಬಣ್ಣ ತಗೊಳ್ಳಿ. ಸಂಜೆ ಗೂಡಿಗೆ ಬಿಡುವಾಗ ಮೊಟ್ಟೆ ಬರುವ ದ್ವಾರದ ಸುತ್ತ ಬೆರಳಿನಲ್ಲಿ ಸ್ವಲ್ಪ ಹಚ್ಚಿ. ಕರಿಗೆ ಹಸಿರು, ಸಣ್ಣಿಗೆ ಕೆಂಪು, ದಪ್ಪಿಗೆ ನೀಲಿ. ಮೊಟ್ಟೆಯ ಮೇಲೆ ಗೆರೆ ಬೀಳುತ್ತದೆ. ಒಂದು ಕೋಳಿಯ ಮೊಟ್ಟೆಯ ಆಕಾರ ಜೀವನಪೂರ್ತಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಒಂದು ಸಲ ಗೊತ್ತಾದರೆ ಮತ್ತೆ ಬಣ್ಣ ಬೇಡ.

ಹಿಡಿದಾಗಲೇ ಹಿಂಭಾಗದ ಎರಡು ಸಣ್ಣ ಮೂಳೆಗಳ ನಡುವೆ ಬೆರಳಿಟ್ಟು ನೋಡಿ. ಎರಡು ಮೂರು ಬೆರಳು ಹಿಡಿದರೆ ಮೊಟ್ಟೆ ಇಡುತ್ತಿದೆ ಎಂದು ಅರ್ಥ. ಒಂದೇ ಬೆರಳಿನಷ್ಟಿದ್ದರೆ ಇಲ್ಲ. ಹಳದಿ ಕಾಲಿನವು ಮೊಟ್ಟೆ ಇಡುತ್ತಾ ಹೋದ ಹಾಗೆ ಕಾಲಿನ ಹಳದಿ ಇಳಿಯುತ್ತದೆ, ಅದನ್ನು ನೋಡಿ ತಳಿ ಬೇರೆ ಎಂದುಕೊಳ್ಳಬೇಡಿ.

ತೀರ್ಥಹಳ್ಳಿ ಹುಡುಗ

ನಮ್ಮಜ್ಜಿ ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಟೆ ಎಂದು ಆರಿಸಿ ಕಾವಿಗೆ ಇಡುತ್ತಿದ್ದರು. ಅದು ನಿಜವಾ ಮೇಡಂ?

ಪಶುವೈದ್ಯೆ

ಇಲ್ಲ. ಆಕಾರ ತಾಯಿಯ ಹೊಟ್ಟೆಯಲ್ಲಿ ಸಿಪ್ಪೆ ಕಟ್ಟುವ ಮೊದಲೇ ಆಗುವಂಥದ್ದು. ಗಂಡೋ ಹೆಣ್ಣೋ ಎನ್ನುವುದು ತಾಯಿಯ ಕಡೆಯಿಂದ ಬರುವ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ. ಎರಡಕ್ಕೂ ಸಂಬಂಧ ಇಲ್ಲ.

ತೀರ್ಥಹಳ್ಳಿ ಹುಡುಗ

ಆದರೆ ಅಜ್ಜಿಗೆ ಯಾವಾಗಲೂ ಹೇಟೆ ಜಾಸ್ತಿ ಆಗುತ್ತಿತ್ತು.

ಫಾರಂ ಅಣ್ಣ (ಹೊಸಪೇಟೆ)

ಹುಂಜ ಹಬ್ಬಕ್ಕೆ ಖರ್ಚಾಗುತ್ತವೆ ತಮ್ಮಾ. ಉಳಿಯುವುದು ಹೇಟೆಯೇ.

ಹಿತ್ತಿಲ ಮನೆ

ಎಂಟು ದಿನ ಆಯಿತು, ಫಲಿತಾಂಶ ಹೇಳುತ್ತೇನೆ. ಹಸಿರು ಗೆರೆ ಬಿದ್ದದ್ದು ಕೆನೆ ಬಣ್ಣದ ಮೊಟ್ಟೆ, 41 ಗ್ರಾಂ: ಕರಿಯದು. ಕೆಂಪು ಗೆರೆಯದೂ ಕೆನೆ, ಆದರೆ ಸ್ವಲ್ಪ ಉದ್ದ, 38 ಗ್ರಾಂ: ಸಣ್ಣಿಯದು. ಬಿಳಿ ಕೋಳಿ ನನ್ನ ಕಣ್ಣೆದುರೇ ಬಿಳಿ ಮೊಟ್ಟೆ ಇಟ್ಟಿತು, 60 ಗ್ರಾಂ. ಗಾಢ ಕಂದು ಕೆಂಪಿಯದೇ.

ನೀಲಿ ಗೆರೆ ಮಾತ್ರ ಬರಲೇ ಇಲ್ಲ. ದಪ್ಪಿಯ ಮೂಳೆ ನೋಡಿದರೆ ಮೂರು ಬೆರಳು ಸಲೀಸಾಗಿ ಹಿಡಿಯುತ್ತದೆ. ಮತ್ತೆ ಮೊಟ್ಟೆ ಎಲ್ಲಿ? ನಿನ್ನೆ ಬೆಳಿಗ್ಗೆ ಗೂಡು ಬಿಟ್ಟ ಮೇಲೆ ಹಿಂದೆಯೇ ಹೋದೆ. ಬಾವಿಯ ಹತ್ತಿರ ತೆಂಗಿನ ಗರಿ ರಾಶಿ ಹಾಕಿದ್ದೇವೆ. ಅದರ ಕೆಳಗೆ ನುಸುಳಿತು. ಮುಕ್ಕಾಲು ಗಂಟೆ ಕಾದೆ. ಹೊರಗೆ ಬಂದು ಕೊಕ್ಕೊಕ್ಕೋ ಎಂದು ಊರಿಗೇ ಕೇಳುವ ಹಾಗೆ ಕೂಗಿತು. ಗರಿ ಎತ್ತಿ ನೋಡಿದರೆ 9 ಮೊಟ್ಟೆ! ತಿಳಿ ಕಂದು, ಒಂದೊಂದು 54, 55 ಗ್ರಾಂ. ಮೇಲಿನದು ಇನ್ನೂ ಬಿಸಿಯಿತ್ತು, ಅದರ ಮೇಲೆ ಸಣ್ಣ ನೀಲಿ ಗೆರೆ. ಅಂದರೆ ಬುಟ್ಟಿಗೆ ಬಾರದ ನಾಲ್ಕನೇ ಥರದ ಮೊಟ್ಟೆ ನಮ್ಮ ಮನೆಯಲ್ಲೇ ಇತ್ತು.

ಬಯಲುಸೀಮೆ ರೈತ

ಗಿರಿರಾಜ ಮೊಟ್ಟೆಯ ತೂಕ ಅದೇ ಅಕ್ಕ. ಹಳೆಯ 8 ಮೊಟ್ಟೆ ನೀರಿಗೆ ಹಾಕಿ ನೋಡಿ, ತೇಲಿದ್ದು ಬಿಸಾಕಿ.

ಹಿತ್ತಿಲ ಮನೆ

ಹಾಕಿದೆ ಅಣ್ಣ, 2 ತೇಲಿತು. ಸಂತೆಯಲ್ಲಿ ಮಾರಿದವರು ಮತ್ತೆ ಸಿಕ್ಕಿಲ್ಲ. ಸಿಕ್ಕರೆ ಕೇಳುತ್ತೇನೆ. ಆದರೆ ಬಿಳಿ, ಕೆಂಪಿಯನ್ನು ಮಾರುವುದಿಲ್ಲ. ಕೆಂಪಿ ನಿನ್ನೆ ಮೊದಲ ಸಲ ಗೊಬ್ಬರದ ಗುಂಡಿ ಕೆದಕಿ ಹುಳ ಹಿಡಿಯಿತು. ಕತ್ತಿನಲ್ಲಿ ಹೊಸ ಪುಕ್ಕದ ಮೊಳಕೆ ಕಾಣುತ್ತಿದೆ.

ಇನ್ನೊಂದು ಪ್ರಶ್ನೆ. ಕರಿಗೆ ಕಾವು ಬಂದಿದೆ. ಗೂಡು ಬಿಟ್ಟು ಏಳುವುದಿಲ್ಲ, ಕೈ ಹಾಕಿದರೆ ಮೈ ಉಬ್ಬಿಸಿ ಕುಕ್ಕುತ್ತದೆ. ಯಾವ ಮೊಟ್ಟೆ ಇಡಲಿ?

ಕೋಲಾರದ ಮಣ್ಣು

ಮನೆಯಲ್ಲಿ ಹುಂಜ ಇದೆಯಾ ಅಕ್ಕ?

ಹಿತ್ತಿಲ ಮನೆ

ಇಲ್ಲ. ಅಕ್ಕಪಕ್ಕದಲ್ಲೂ ಇಲ್ಲ.

ಕೋಲಾರದ ಮಣ್ಣು

ಹಾಗಾದರೆ ನಿಮ್ಮ ಯಾವ ಮೊಟ್ಟೆ ಇಟ್ಟರೂ ಮರಿ ಆಗುವುದಿಲ್ಲ. ನಾನು ಭಾನುವಾರ ಅರಸೀಕೆರೆಗೆ ಮದುವೆಗೆ ಬರುತ್ತಿದ್ದೇನೆ. ಘಾಗಸ್ ಮೊಟ್ಟೆ 11 ತಂದು ಕೊಡುತ್ತೇನೆ. ದುಡ್ಡು ಬೇಡ. ಮರಿ ದೊಡ್ಡವಾದ ಮೇಲೆ ಅವುಗಳನ್ನು ಗಿರಿರಾಜದ ಹುಂಜದ ಜೊತೆ ಬಿಡಬಾರದು, ಅದೊಂದೇ ಕೋರಿಕೆ.

ಹಿತ್ತಿಲ ಮನೆ

ಖಂಡಿತ ಅಣ್ಣ. ಮಾತು ಕೊಡುತ್ತೇನೆ. ನಮ್ಮತ್ತೆ ಈಗಲೇ ಮಂಕರಿಗೆ ಹುಲ್ಲು ಹಾಕುತ್ತಿದ್ದಾರೆ. ಗುಡುಗು ಬಂದರೆ ಮೊಟ್ಟೆ ಕೆಡುತ್ತದೆ, ಕಬ್ಬಿಣದ ಚೂರು, ಇದ್ದಿಲು ಇಡಬೇಕು ಎಂದರು.

ಪಶುವೈದ್ಯೆ

ಗುಡುಗಿನಿಂದ ಕೆಡುವುದಿಲ್ಲ. ಇಟ್ಟರೆ ತೊಂದರೆಯೂ ಇಲ್ಲ, ಅತ್ತೆಯವರಿಗೆ ಸಮಾಧಾನ. ಆದರೆ ಪ್ರಯಾಣ ಮಾಡಿ ಬಂದ ಮೊಟ್ಟೆಯನ್ನು ಬಂದ ಕೂಡಲೇ ಕಾವಿಗೆ ಇಡಬೇಡಿ. ಚೂಪು ತುದಿ ಕೆಳಗೆ ಮಾಡಿ ಒಂದು ರಾತ್ರಿ ತಣ್ಣನೆ ಜಾಗದಲ್ಲಿ ಬಿಡಿ. 21ನೇ ದಿನ ಮರಿ. ಮರಿ ಹೊರಬಂದ ವಾರದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಲು ಮರೆಯಬೇಡಿ.

ಕೋಲಾರದ ಮಣ್ಣು

ರಾಗಿ ಹೊಟ್ಟಿನಲ್ಲಿ ಹುದುಗಿಸಿ ತರುತ್ತೇನೆ. ಅಲ್ಲಿಯ ತನಕ ಕರಿಯನ್ನು ಎಬ್ಬಿಸಬೇಡಿ, ಎರಡು ಬಿಳಿ ಮೊಟ್ಟೆ ಕೆಳಗೆ ಇಟ್ಟಿರಿ.